ಸೇನಾನೆಲೆಗೆ ಬರುವ ಕರೆಂಟು ಮತ್ತು ಬೇಲಿಯಾಚೆಯ ಕಂಪ್ಯೂಟರು

2015ರ ಡಿಸೆಂಬರ್ 23ರ ಮಧ್ಯಾಹ್ನ ಸುಮಾರು ಮೂರೂವರೆ ಗಂಟೆ. ಪಶ್ಚಿಮ ಉಕ್ರೇನಿನ ಇವಾನೊ-ಫ್ರಾಂಕಿವ್ಸ್ಕ್ ಪ್ರಾಂತ್ಯಕ್ಕೆ ವಿದ್ಯುತ್ ಪೂರೈಸುವ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿದ್ದ ನೌಕರನೊಬ್ಬ, ತನ್ನ ಕಂಪ್ಯೂಟರಿನ ಪರದೆಯ ಮೇಲೆ ಮೌಸ್‌ನ ಬಾಣ ತಾನಾಗಿಯೇ ಸರಿದಾಡುವುದನ್ನು ಕಂಡ. ಬಾಣವು ಒಂದು ಸಬ್‌ಸ್ಟೇಷನ್ನಿನ ಬ್ರೇಕರ್‌ಗಳತ್ತ ಸಾಗಿ, ಅವುಗಳನ್ನು ತೆರೆಯುವ ಆಜ್ಞೆಯನ್ನು ಆರಿಸಿ, ಖಚಿತವೇ ಎಂದು ಪರದೆ ಕೇಳಿದಾಗ ಹೌದೆಂದು ಒತ್ತಿತು. ಬ್ರೇಕರ್ ತೆರೆಯುವುದೆಂದರೆ ವಿದ್ಯುತ್ ಹರಿಯುವ ದಾರಿಯನ್ನು ಕಡಿಯುವುದು. ಆ ನೌಕರ ಮೌಸನ್ನು ಎಷ್ಟು ಎಳೆದಾಡಿದರೂ ಬಾಣ ಅವನ ಕೈಗೆ ಬರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕಂಪ್ಯೂಟರು ಅವನನ್ನೇ ಹೊರಗೆ ಹಾಕಿತು. ಮತ್ತೆ ಒಳಹೋಗಲು ನೋಡಿದರೆ ಪಾಸ್‌ವರ್ಡ್ ಬದಲಾಗಿತ್ತು.

ಅರ್ಧ ಗಂಟೆಯ ಅವಧಿಯಲ್ಲಿ ಇಂಥದೇ ದಾಳಿ ಮೂರು ವಿತರಣಾ ಕಂಪನಿಗಳ ಮೇಲೆ ನಡೆದು, ಸುಮಾರು 2,25,000 ಗ್ರಾಹಕರು ಚಳಿಗಾಲದ ಸಂಜೆಯಲ್ಲಿ ಕತ್ತಲೆಗೆ ಬಿದ್ದರು. ಕಂಪ್ಯೂಟರ್ ಮೂಲಕ ವಿದ್ಯುತ್ ಜಾಲವನ್ನು ನಿಲ್ಲಿಸಿದ್ದು ಬಹಿರಂಗವಾಗಿ ದೃಢಪಟ್ಟ ಮೊದಲ ಪ್ರಸಂಗ ಅದು. ಯುದ್ಧದಲ್ಲಿದ್ದ ದೇಶವೊಂದರ ನಾಗರಿಕ ವಿದ್ಯುತ್ ಕಂಪನಿಯ ಮೇಲೆ ಈ ದಾಳಿ ನಡೆದದ್ದರಿಂದ ಅನೇಕ ದೇಶಗಳ ಸೇನೆಗಳು ತಮ್ಮ ನೆಲೆಗಳಿಗೆ ಬರುವ ತಂತಿ ಎಲ್ಲಿಂದ ಹೊರಡುತ್ತದೆ, ಅದರ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ ಎಂದು ವಿಚಾರಿಸತೊಡಗಿದವು.

ಗೋಡೆಯೊಳಗೆ ಸೇನೆ, ಗೋಡೆಯಾಚೆ ತಂತಿ

ಸೇನಾನೆಲೆಯನ್ನು ನಾವು ಎತ್ತರದ ಗೋಡೆ, ಮುಳ್ಳುತಂತಿ, ಬಂದೂಕು ಹಿಡಿದ ಕಾವಲಿನವರ ರೂಪದಲ್ಲಿ ಕಲ್ಪಿಸಿಕೊಳ್ಳುತ್ತೇವೆ. ಆ ಗೋಡೆಯೊಳಗಿನ ರೇಡಾರು, ಸಂಪರ್ಕ ಸಾಧನಗಳು, ಆಸ್ಪತ್ರೆ, ನೀರೆತ್ತುವ ಪಂಪು, ವಿಮಾನಗಳಿಗೆ ಇಂಧನ ತುಂಬುವ ಪಂಪು, ಮಾಹಿತಿ ಸಂಗ್ರಹಿಸುವ ಕಂಪ್ಯೂಟರುಗಳು ಇವೆಲ್ಲ ಮಾಮೂಲು ದಿನಗಳಲ್ಲಿ ನಡೆಯುವುದು ಬಹುಮಟ್ಟಿಗೆ ಊರಿಗೆಲ್ಲ ವಿದ್ಯುತ್ ಕೊಡುವ ಸಾರ್ವಜನಿಕ ಜಾಲದಿಂದಲೇ. ಅಮೆರಿಕದ ರಕ್ಷಣಾ ಇಲಾಖೆಗೆ ಸಲಹೆ ನೀಡುವ ವಿಜ್ಞಾನ ಮಂಡಳಿಯು 2008ರಲ್ಲಿ ನೀಡಿದ ವರದಿಯಲ್ಲಿ, ದೇಶದೊಳಗಿನ ಸೇನಾನೆಲೆಗಳು ಹೆಚ್ಚುಕಡಿಮೆ ಪೂರ್ತಿಯಾಗಿ ವಾಣಿಜ್ಯ ವಿದ್ಯುತ್ ಜಾಲವನ್ನು ನೆಚ್ಚಿಕೊಂಡಿವೆ, ಆ ಜಾಲ ದೀರ್ಘಕಾಲ ಕೈಕೊಟ್ಟರೆ ಮುಖ್ಯ ಕಾರ್ಯಗಳೇ ನಿಲ್ಲುವ ಅಪಾಯವಿದೆ ಎಂದು ಎಚ್ಚರಿಸಿತ್ತು. ಭಾರತದಲ್ಲಿಯೂ ಅನೇಕ ಕಡೆ ಮಿಲಿಟರಿ ಎಂಜಿನಿಯರ್ ಸರ್ವೀಸಸ್ ಎಂಬ ಸಂಸ್ಥೆ ರಾಜ್ಯದ ವಿದ್ಯುತ್ ಕಂಪನಿಗಳಿಂದ ಸಗಟಾಗಿ ವಿದ್ಯುತ್ ಪಡೆದು ನೆಲೆಯೊಳಗೆ ಹಂಚುತ್ತದೆ.

ಡೀಸೆಲ್ ಜನರೇಟರುಗಳು ಇದ್ದೇ ಇರುತ್ತವಲ್ಲ ಎಂಬ ಪ್ರಶ್ನೆ ಸಹಜ. ಇರುತ್ತವೆ, ಆದರೆ ಅವುಗಳ ಲೆಕ್ಕಾಚಾರ ಕೆಲವು ಗಂಟೆಗಳದ್ದು ಅಥವಾ ಕೆಲವು ದಿನಗಳದ್ದು. ಅದಕ್ಕಿಂತ ಹೆಚ್ಚು ಕಾಲ ನಡೆಸಬೇಕಾದರೆ ಡೀಸೆಲ್ ಬರುತ್ತಲೇ ಇರಬೇಕು. ಡಿಪೋದಿಂದ ಡೀಸೆಲನ್ನು ಟ್ಯಾಂಕರಿಗೆ ತುಂಬುವ ಪಂಪಿಗೂ ಕರೆಂಟು ಬೇಕು. ಇಂಧನದ ಸಾಗಾಟವೂ ಕಂಪ್ಯೂಟರಿನ ಹಿಡಿತದಲ್ಲಿದೆ. ಬೆಲ್ಜಿಯಂ, ಫ್ರಾನ್ಸ್, ಜರ್ಮನಿ, ಲಕ್ಸೆಂಬರ್ಗ್, ನೆದರ್‌ಲ್ಯಾಂಡ್ಸ್ ಈ ಐದು ದೇಶಗಳಲ್ಲಿ ನೇಟೋ ಕೂಟದ ಇಂಧನ ಕೊಳವೆಗಳು 5,000 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹರಡಿಕೊಂಡಿವೆ. ಯುದ್ಧವಿಮಾನಗಳಿಗೆಂದು ಹಾಕಿದ ಇದೇ ಜಾಲದ ಇಂಧನ ಇಂದು ನಾಗರಿಕ ವಿಮಾನ ನಿಲ್ದಾಣಗಳಿಗೂ ಹೋಗುತ್ತದೆ. ಹೀಗೆ ಸೇನೆಯದು ಯಾವುದು, ಜನರದು ಯಾವುದು ಎಂದು ಗೆರೆ ಎಳೆಯುವುದು ಇಂಧನದ ವಿಷಯದಲ್ಲಿ ಸಾಧ್ಯವಾಗುವುದಿಲ್ಲ.

ಆಫೀಸಿನ ಕಂಪ್ಯೂಟರು, ಯಂತ್ರದ ಕಂಪ್ಯೂಟರು

ವಿದ್ಯುತ್ ಕಂಪನಿಯಲ್ಲಿ ಎರಡು ಬಗೆಯ ಕಂಪ್ಯೂಟರ್ ಜಾಲಗಳಿರುತ್ತವೆ. ಬಿಲ್ಲು, ಸಂಬಳ, ಇ-ಮೇಲ್ ನೋಡಿಕೊಳ್ಳುವುದು ಮೊದಲನೆಯದು. ಇದನ್ನು ಐಟಿ ಎನ್ನುತ್ತಾರೆ. ಟ್ರಾನ್ಸ್‌ಫಾರ್ಮರ್, ಬ್ರೇಕರ್, ಜನರೇಟರುಗಳಿಗೆ ಆಜ್ಞೆ ಕೊಡುವುದು ಎರಡನೆಯದು. ಇದಕ್ಕೆ ಓಟಿ ಎಂಬ ಹೆಸರಿದೆ. ದೂರದ ಸಬ್‌ಸ್ಟೇಷನ್ನುಗಳ ಸ್ಥಿತಿಯನ್ನು ಒಂದೇ ಪರದೆಯ ಮೇಲೆ ತೋರಿಸಿ, ಅಲ್ಲಿಂದಲೇ ಬ್ರೇಕರ್ ತೆರೆದು ಮುಚ್ಚಲು ಅನುವು ಮಾಡುವ ವ್ಯವಸ್ಥೆಗೆ ಸ್ಕಾಡಾ ಎನ್ನುತ್ತಾರೆ. ಇಡೀ ರಾಜ್ಯದ ಅಥವಾ ಪ್ರದೇಶದ ಉತ್ಪಾದನೆಯನ್ನೂ ಬೇಡಿಕೆಯನ್ನೂ ಪ್ರತಿಕ್ಷಣ ಸರಿದೂಗಿಸುವ ಕೊಠಡಿಗೆ ಲೋಡ್ ಡಿಸ್ಪ್ಯಾಚ್ ಸೆಂಟರ್ ಎಂದು ಹೆಸರು. ವಿದ್ಯುತ್ತನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಡುವುದು ಇನ್ನೂ ಕಷ್ಟವಾದ್ದರಿಂದ ಉತ್ಪಾದನೆ ಮತ್ತು ಬಳಕೆ ಸದಾ ಸಮನಾಗಿರಬೇಕು. ಭಾರತದಲ್ಲಿ ಈ ಸಮತೋಲನವನ್ನು ಸೆಕೆಂಡಿಗೆ 50 ಆವರ್ತನಗಳ ಅಳತೆಯಿಂದ ಕಾಯುತ್ತಾರೆ. ಅದು ಮಿತಿ ಮೀರಿ ಕುಸಿದರೆ ಯಂತ್ರಗಳು ತಮ್ಮನ್ನು ಉಳಿಸಿಕೊಳ್ಳಲು ಒಂದೊಂದಾಗಿ ಜಾಲದಿಂದ ಕಳಚಿಕೊಳ್ಳುತ್ತವೆ.

ಇವುಗಳ ದೌರ್ಬಲ್ಯ ಎಲ್ಲಿದೆ ಎಂಬುದನ್ನು ಕೆರೆಯ ನೀರುಗಂಟಿಯಿಂದ ತಿಳಿಯಬಹುದು. ಪಟೇಲರು ಹೇಳಿದ್ದಾರೆ, ತೂಬು ಎತ್ತು ಎಂದು ಯಾರಾದರೂ ಬಂದು ಹೇಳಿದರೆ ಅವನು ಎತ್ತುತ್ತಾನೆ. ನಿಜವಾಗಿಯೂ ಪಟೇಲರು ಹೇಳಿದರೇ ಎಂದು ವಿಚಾರಿಸುವುದಿಲ್ಲ. ಕೆರೆಯ ಬಳಿಗೆ ಊರಿನವರಷ್ಟೇ ಬರುತ್ತಿದ್ದ ಕಾಲದಲ್ಲಿ ಇದರಿಂದ ಕೆಡುಕಾಗುತ್ತಿರಲಿಲ್ಲ. ಸಬ್‌ಸ್ಟೇಷನ್ನಿನ ಉಪಕರಣಗಳು ಪರಸ್ಪರ ಮಾತಾಡಲು ಬಳಸುವ ಸಂವಹನ ನಿಯಮಗಳನ್ನು ರೂಪಿಸಿದಾಗಲೂ ಅವು ಹೊರಗಿನವರು ತಲುಪಲಾಗದ ಖಾಸಗಿ ತಂತಿಗಳ ಮೇಲೆಯೇ ನಡೆಯುತ್ತವೆ ಎಂದು ಭಾವಿಸಲಾಗಿತ್ತು. ಆದ್ದರಿಂದ ಆಜ್ಞೆ ಸರಿಯಾದ ರೂಪದಲ್ಲಿ ಬಂದರೆ ಸಾಕು, ಕಳಿಸಿದವರು ಯಾರು ಎಂದು ಹಳೆಯ ಉಪಕರಣ ಕೇಳುವುದಿಲ್ಲ. ಮುಂದೆ ಖರ್ಚು ಉಳಿಸಲು, ದೂರದಿಂದ ದುರಸ್ತಿ ಮಾಡಲು, ಮೀಟರಿನ ಅಂಕಿಗಳನ್ನು ಆಫೀಸಿಗೆ ತರಲು ಈ ಜಾಲಗಳನ್ನು ಆಫೀಸಿನ ಜಾಲಕ್ಕೂ, ಅದರ ಮೂಲಕ ಇಂಟರ್‌ನೆಟ್ಟಿಗೂ ಜೋಡಿಸಲಾಯಿತು.

ಹಾಗಾದರೆ ಹೊಸ ಸಾಫ್ಟ್‌ವೇರ್ ಹಾಕಿದರೆ ಮುಗಿಯಿತಲ್ಲವೇ? ಫೋನಿನಲ್ಲಾದರೆ ರಾತ್ರಿ ಮಲಗುವಾಗ ಅಪ್‌ಡೇಟ್ ಒತ್ತಿದರಾಯಿತು. ಓಟಿಯ ಸಾಧನಗಳು ಇಪ್ಪತ್ತು, ಮೂವತ್ತು ವರ್ಷ ದುಡಿಯಲೆಂದು ಹಾಕಿದವು. ಅವನ್ನು ನಿಲ್ಲಿಸಬೇಕಾದರೆ ಫೀಡರನ್ನೇ, ಅಂದರೆ ಬಡಾವಣೆಗಳಿಗೆ ಕರೆಂಟು ಒಯ್ಯುವ ಮಾರ್ಗವನ್ನೇ, ನಿಲ್ಲಿಸಬೇಕು. ಹೊಸ ಸಾಫ್ಟ್‌ವೇರಿನಿಂದ ಬ್ರೇಕರು ಅರೆಕ್ಷಣ ತಡವಾಗಿ ಸ್ಪಂದಿಸಿದರೂ ಟ್ರಾನ್ಸ್‌ಫಾರ್ಮರ್ ಸುಡಬಹುದು. ಎಂಜಿನಿಯರುಗಳು ಇದಕ್ಕೆ ಹಿಂಜರಿಯುವುದನ್ನು ಸೋಮಾರಿತನವೆಂದು ತಳ್ಳಿಹಾಕುವಂತಿಲ್ಲ.

ಉಕ್ರೇನಿನಲ್ಲಿ ನಡೆದದ್ದು ಹೇಗೆ

ಡಿಸೆಂಬರಿನ ಆ ಅರ್ಧ ಗಂಟೆಗೆ ತಿಂಗಳುಗಟ್ಟಲೆ ಸಿದ್ಧತೆ ನಡೆದಿತ್ತು. ಅದೇ ವರ್ಷ ಕಂಪನಿಗಳ ಸಿಬ್ಬಂದಿಗೆ ಇ-ಮೇಲ್ ಮೂಲಕ ವರ್ಡ್ ಮತ್ತು ಎಕ್ಸೆಲ್ ಕಡತಗಳು ಬಂದಿದ್ದವು. ಕಡತ ತೆರೆದವರಿಗೆ ಮ್ಯಾಕ್ರೋಗೆ, ಅಂದರೆ ಕಡತದೊಳಗೇ ಇರುವ ಸಣ್ಣ ಪ್ರೋಗ್ರಾಮಿಗೆ, ಅನುಮತಿ ಕೊಡಿ ಎಂಬ ಸೂಚನೆ ಕಾಣುತ್ತಿತ್ತು. ಅನುಮತಿ ಕೊಟ್ಟೊಡನೆ ಬ್ಲ್ಯಾಕ್‌ಎನರ್ಜಿ ಎಂಬ ಕುತಂತ್ರಾಂಶ ಒಳಸೇರಿತು. ಅದು ಸೇರಿದ್ದು ಆಫೀಸಿನ ಜಾಲಕ್ಕೆ ಮಾತ್ರ. ದಾಳಿಕೋರರು ಅಲ್ಲಿ ಅವಿತುಕೊಂಡು ನೌಕರರ ಪಾಸ್‌ವರ್ಡುಗಳನ್ನು ಸಂಗ್ರಹಿಸಿ, ಮನೆಯಿಂದ ಕೆಲಸ ಮಾಡುವ ಎಂಜಿನಿಯರುಗಳಿಗೆಂದು ಇದ್ದ ದಾರಿಯಲ್ಲೇ ಸ್ಕಾಡಾ ಜಾಲಕ್ಕೆ ದಾಟಿದರು. ಆ ದಾರಿಯಲ್ಲಿ ಪಾಸ್‌ವರ್ಡಿನ ಹೊರತು ಇನ್ನೊಂದು ಗುರುತನ್ನು ಕೇಳುವ ವ್ಯವಸ್ಥೆ ಇರಲಿಲ್ಲ.

ಬ್ರೇಕರ್ ತೆರೆದದ್ದು ದಾಳಿಯ ಒಂದು ಭಾಗವಷ್ಟೇ ಆಗಿತ್ತು. ನಿಯಂತ್ರಣ ಕೇಂದ್ರದಿಂದ ಬಂದ ಆಜ್ಞೆಯನ್ನು ಸಬ್‌ಸ್ಟೇಷನ್ನಿನ ಹಳೆಯ ಉಪಕರಣಕ್ಕೆ ಅರ್ಥವಾಗುವಂತೆ ಬದಲಿಸಿಕೊಡುವ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ದಾಳಿಕೋರರು ಅದರೊಳಗಿನ ಮೂಲ ಸಾಫ್ಟ್‌ವೇರನ್ನು ಅಳಿಸಿ ಕಸ ತುಂಬಿದರು. ಇದರಿಂದ ಬ್ರೇಕರನ್ನು ದೂರದಿಂದ ಮತ್ತೆ ಮುಚ್ಚುವ ದಾರಿ ಕಡಿದುಹೋಯಿತು. ನಿಯಂತ್ರಣ ಕೊಠಡಿಗೆ ಆಸರೆಯಾಗಿದ್ದ ಯುಪಿಎಸ್ಸನ್ನೂ ಆರುವಂತೆ ಹೊಂದಿಸಿದ್ದರಿಂದ ಕರೆಂಟು ಕೊಡುವವರೇ ಕತ್ತಲಲ್ಲಿ ಕುಳಿತರು. ಗ್ರಾಹಕರು ದೂರು ಹೇಳಲು ಕರೆ ಮಾಡುವ ಸಂಖ್ಯೆಗೆ ಸಾವಿರಾರು ಹುಸಿ ಕರೆಗಳು ಬಂದು ಲೈನು ತುಂಬಿತು. ಕೊನೆಗೆ ಕಂಪ್ಯೂಟರುಗಳ ಡಿಸ್ಕನ್ನು ಅಳಿಸುವ ಇನ್ನೊಂದು ಕುತಂತ್ರಾಂಶ ಕೆಲಸ ಮಾಡಿತು.

ಇಷ್ಟಾದರೂ ಒಂದರಿಂದ ಆರು ಗಂಟೆಗಳೊಳಗೆ ವಿದ್ಯುತ್ ಮರಳಿತು. ಸಿಬ್ಬಂದಿ ವಾಹನ ಹತ್ತಿ ಸಬ್‌ಸ್ಟೇಷನ್ನುಗಳಿಗೆ ಹೋಗಿ ಬ್ರೇಕರ್‌ಗಳನ್ನು ಕೈಯಿಂದಲೇ ಮುಚ್ಚಿದ್ದು ಇದಕ್ಕೆ ಕಾರಣ. ನಂತರವೂ ಕೆಲವು ತಿಂಗಳು ಅವರು ಹೀಗೆಯೇ ಕೈಯಾರೆ ಜಾಲ ನಡೆಸಬೇಕಾಯಿತು. ಹಳೆಯ ಕಾಲದ ಉಪಕರಣಗಳೇ ಆ ದಿನ ಅವರನ್ನು ಕಾಪಾಡಿದವು ಎಂಬುದು ಆಧುನೀಕರಣದ ಉತ್ಸಾಹದಲ್ಲಿ ಸುಲಭವಾಗಿ ಮರೆತುಹೋಗುವ ಸಂಗತಿ.

ಮುಂದಿನ ವರ್ಷ, 2016ರ ಡಿಸೆಂಬರ್ 17ರ ನಡುರಾತ್ರಿಗೆ ಸ್ವಲ್ಪ ಮೊದಲು, ಕೀವ್ ನಗರದ ಹೊರವಲಯದ ಒಂದು ದೊಡ್ಡ ಪ್ರಸರಣ ಸಬ್‌ಸ್ಟೇಷನ್ ಸುಮಾರು ಒಂದು ಗಂಟೆ ನಿಂತಿತು. ಈ ಸಲ ಮೌಸ್ ಹಿಡಿಯುವ ಕೈ ಬೇಕಿರಲಿಲ್ಲ. ಇಂಡಸ್ಟ್ರಾಯರ್ ಎಂದು ಹೆಸರಾದ ಕುತಂತ್ರಾಂಶವೇ ಬ್ರೇಕರ್‌ಗಳ ಭಾಷೆಯಲ್ಲಿ ಮಾತಾಡಬಲ್ಲದಾಗಿತ್ತು. ಅತಿಯಾದ ವಿದ್ಯುತ್ ಹರಿದಾಗ ಯಂತ್ರಗಳನ್ನು ಉಳಿಸುವ ರಕ್ಷಣಾ ರಿಲೇಗಳನ್ನು ನಿಷ್ಕ್ರಿಯಗೊಳಿಸುವ ಭಾಗವೂ ಅದರಲ್ಲಿತ್ತು. ಅದು ನೆಟ್ಟಗೆ ಕೆಲಸ ಮಾಡಲಿಲ್ಲ. ಮಾಡಿದ್ದರೆ, ಸಿಬ್ಬಂದಿ ಅವಸರದಲ್ಲಿ ವಿದ್ಯುತ್ ಮರಳಿಸುವ ಹೊತ್ತಿನಲ್ಲಿ ಯಂತ್ರಗಳು ಹಾಳಾಗುವ ಸಾಧ್ಯತೆಯಿತ್ತು ಎಂಬುದು ಅದನ್ನು ಬಿಡಿಸಿ ನೋಡಿದ ತಜ್ಞರ ಅಭಿಪ್ರಾಯ. ಈ ದಾಳಿಗಳ ಹಿಂದೆ ರಷ್ಯಾದ ಸೇನಾ ಗುಪ್ತಚರ ಸಂಸ್ಥೆಯ 74455 ಸಂಖ್ಯೆಯ ಘಟಕವಿತ್ತೆಂದು ಆರೋಪಿಸಿ ಅಮೆರಿಕವು 2020ರ ಅಕ್ಟೋಬರಿನಲ್ಲಿ ಆರು ಅಧಿಕಾರಿಗಳ ಮೇಲೆ ಮೊಕದ್ದಮೆ ಹೂಡಿತು. ರಷ್ಯಾ ಇದನ್ನು ನಿರಾಕರಿಸುತ್ತದೆ.

2022ರ ಅಕ್ಟೋಬರಿನಲ್ಲಿ ಉಕ್ರೇನಿನ ಒಂದು ಸಬ್‌ಸ್ಟೇಷನ್ನಿನ ಬ್ರೇಕರ್‌ಗಳು ಸೈಬರ್ ದಾಳಿಯಿಂದ ತೆರೆದುಕೊಂಡದ್ದು, ದೇಶದ ವಿದ್ಯುತ್ ಸ್ಥಾವರಗಳ ಮೇಲೆ ಕ್ಷಿಪಣಿಗಳು ಬೀಳುತ್ತಿದ್ದ ದಿನಗಳಲ್ಲೇ. ಆ ಯುದ್ಧದಲ್ಲಿ ವಿದ್ಯುತ್ ಜಾಲಕ್ಕೆ ಕ್ಷಿಪಣಿ ಮತ್ತು ಡ್ರೋನುಗಳು ಮಾಡಿದ ಹಾನಿ ಕಂಪ್ಯೂಟರುಗಳು ಮಾಡಿದ್ದಕ್ಕಿಂತ ಎಷ್ಟೋ ಪಾಲು ದೊಡ್ಡದು ಎಂಬುದನ್ನೂ ಇಲ್ಲಿ ಹೇಳದಿದ್ದರೆ ಚಿತ್ರ ವಾಲುತ್ತದೆ.

ಕರೆಂಟು ಹೋಗುವುದು ಬೇರೆ, ಯಂತ್ರ ಮುರಿಯುವುದು ಬೇರೆ

ಬ್ರೇಕರನ್ನು ತೆರೆದರೆ ಮತ್ತೆ ಮುಚ್ಚಬಹುದು. ಜನರೇಟರೇ ಮುರಿದರೆ? ಅಮೆರಿಕದ ಇಡಾಹೊ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 2007ರಲ್ಲಿ ಇದನ್ನೇ ಪರೀಕ್ಷಿಸಿದರು. 2.25 ಮೆಗಾವ್ಯಾಟಿನ ಒಂದು ಡೀಸೆಲ್ ಜನರೇಟರನ್ನು ಜಾಲಕ್ಕೆ ಜೋಡಿಸಿ, ಅದರ ಬ್ರೇಕರನ್ನು ನಿಯಂತ್ರಿಸುವ ರಿಲೇಗೆ ಕಂಪ್ಯೂಟರ್ ಮೂಲಕ ಆಜ್ಞೆ ಕಳಿಸಿದರು. ಬ್ರೇಕರ್ ತೆರೆದೊಡನೆ ಹೊರೆ ಕಳೆದುಕೊಂಡ ಜನರೇಟರ್ ಜಾಲದ ಲಯಕ್ಕಿಂತ ವೇಗವಾಗಿ ಸುತ್ತತೊಡಗುತ್ತದೆ. ಎರಡರ ಲಯ ತಪ್ಪಿರುವಾಗಲೇ ಬ್ರೇಕರ್ ಮುಚ್ಚಿದರೆ ಇಡೀ ಜಾಲದ ಬಲ ಆ ಯಂತ್ರವನ್ನು ಒಮ್ಮೆಲೇ ತನ್ನ ಲಯಕ್ಕೆ ಎಳೆಯುತ್ತದೆ. ಹೀಗೆ ಕೆಲವು ಸಲ ಮಾಡುವಷ್ಟರಲ್ಲಿ ಯಂತ್ರ ನಡುಗಿ, ಬಿಡಿಭಾಗಗಳು ಸಿಡಿದು, ಹೊಗೆಯಾಡಿ ನಿಂತಿತು. ದೊಡ್ಡ ಟ್ರಾನ್ಸ್‌ಫಾರ್ಮರುಗಳೂ ಜನರೇಟರುಗಳೂ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವಂಥವಲ್ಲ. ಬೇಡಿಕೆ ಸಲ್ಲಿಸಿದ ಮೇಲೆ ತಯಾರಾಗಿ ಬರಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು.

ಯಂತ್ರವನ್ನು ಮುಟ್ಟದ ದಾಳಿ

2021ರ ಮೇ 7ರಂದು ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ಆಫೀಸ್ ಜಾಲಕ್ಕೆ ಸುಲಿಗೆಕೋರರು ನುಗ್ಗಿದರು. ಪೂರ್ವ ಕರಾವಳಿ ಬಳಸುವ ಇಂಧನದಲ್ಲಿ ಸುಮಾರು 45 ಶೇಕಡಾ ಸಾಗಿಸುವ, ಸೇನೆಗೂ ಇಂಧನ ಮುಟ್ಟಿಸುವ ಈ ಕಂಪನಿಯೊಳಗೆ ಅವರು ಹೋದದ್ದು ಬಳಕೆಯಲ್ಲಿಲ್ಲದಿದ್ದರೂ ಮುಚ್ಚದೆ ಬಿಟ್ಟಿದ್ದ ಒಂದು ಖಾತೆಯ ಪಾಸ್‌ವರ್ಡಿನಿಂದ. ಕೊಳವೆಯ ಯಂತ್ರಗಳನ್ನು ಅವರು ಮುಟ್ಟಿದ್ದಕ್ಕೆ ಪುರಾವೆ ಸಿಗಲಿಲ್ಲ. ಆದರೆ ರೋಗ ಅಲ್ಲಿಗೂ ಹಬ್ಬಬಹುದೆಂಬ ಭಯದಿಂದ ಕಂಪನಿಯೇ ಕೊಳವೆಯನ್ನು ನಿಲ್ಲಿಸಿತು, ಸುಮಾರು 44 ಲಕ್ಷ ಡಾಲರ್ ತೆತ್ತಿತು, ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು.

2022ರ ಫೆಬ್ರುವರಿ 24ರಂದು ರಷ್ಯಾದ ಸೇನೆ ಉಕ್ರೇನಿಗೆ ನುಗ್ಗುವ ಸುಮಾರು ಒಂದು ಗಂಟೆ ಮೊದಲು, ಉಕ್ರೇನಿನ ಸೇನೆಯೂ ಬಳಸುತ್ತಿದ್ದ ವಯಾಸ್ಯಾಟ್ ಕಂಪನಿಯ ಉಪಗ್ರಹ ಇಂಟರ್‌ನೆಟ್ ಸೇವೆಯ ಸಾವಿರಾರು ಮೋಡೆಮುಗಳು ಒಟ್ಟಿಗೆ ನಿರ್ಜೀವವಾದವು. ಅದೇ ಉಪಗ್ರಹವನ್ನು ನೆಚ್ಚಿದ್ದ ಮಧ್ಯ ಯುರೋಪಿನ 5,800 ಗಾಳಿಯಂತ್ರಗಳ ದೂರನಿಯಂತ್ರಣವೂ ಕಡಿದುಹೋಯಿತು. ಯಂತ್ರಗಳು ತಮ್ಮಷ್ಟಕ್ಕೆ ವಿದ್ಯುತ್ ಉತ್ಪಾದಿಸುತ್ತಲೇ ಇದ್ದವು. ಏನಾದರೂ ಕೆಟ್ಟರೆ ಸರಿಪಡಿಸಲು ಮಾತ್ರ ಸ್ಥಳಕ್ಕೇ ಜನ ಹೋಗಬೇಕಿತ್ತು. ಸೇನೆಯ ಸಂಪರ್ಕಕ್ಕೆ ಗುರಿಯಿಟ್ಟದ್ದು ನೂರಾರು ಮೈಲಿ ದೂರದ ಜರ್ಮನಿಯ ವಿದ್ಯುತ್ತಿಗೆ ತಗುಲಿತು.

ಸದ್ದಿಲ್ಲದೆ ಕಾಯುವವರು

ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ಅಮೆರಿಕದ ದೊಡ್ಡ ವಾಯುನೆಲೆ ಮತ್ತು ನೌಕಾನೆಲೆಗಳಿವೆ. ತೈವಾನಿನ ಸುತ್ತ ಯುದ್ಧವಾದರೆ ಅಮೆರಿಕದ ಪಡೆಗಳು ಹೊರಡುವ ಮುಖ್ಯ ತಾಣಗಳಲ್ಲಿ ಅದೂ ಒಂದು. ಆ ದ್ವೀಪದ ನಾಗರಿಕ ವಿದ್ಯುತ್ ಸಂಸ್ಥೆಗೆ ಅತಿ ದೊಡ್ಡ ಗ್ರಾಹಕ ಅಮೆರಿಕದ ನೌಕಾಪಡೆಯೇ. 2023ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಅಮೆರಿಕ ಸರ್ಕಾರ, ಗುವಾಮ್ ಸೇರಿ ಹಲವೆಡೆಗಳ ಮೂಲಸೌಕರ್ಯದ ಜಾಲಗಳಲ್ಲಿ ಚೀನಾ ಬೆಂಬಲಿತ ಗುಂಪೊಂದು ಅವಿತಿರುವುದನ್ನು ಪ್ರಕಟಿಸಿದವು. ಅದಕ್ಕೆ ವೋಲ್ಟ್ ಟೈಫೂನ್ ಎಂದು ಹೆಸರಿಡಲಾಗಿದೆ. ಚೀನಾ ಈ ಆರೋಪವನ್ನು ಅಲ್ಲಗಳೆದಿದೆ.

ಈ ಗುಂಪು ಕದ್ದದ್ದು ಕಡಿಮೆ, ಕೆಡಿಸಿದ್ದು ಇನ್ನೂ ಕಡಿಮೆ. ಹೊಸ ಕುತಂತ್ರಾಂಶ ತರುವ ಬದಲು ಕಂಪ್ಯೂಟರಿನಲ್ಲಿ ಮೊದಲೇ ಇರುವ ನಿರ್ವಹಣಾ ಸಾಧನಗಳನ್ನೇ ಅದು ಬಳಸುವುದರಿಂದ ಆಂಟಿವೈರಸ್ಸಿಗೆ ಸಿಕ್ಕಿಬೀಳುವುದಿಲ್ಲ. ಮನೆ ಮತ್ತು ಸಣ್ಣ ಕಚೇರಿಗಳಲ್ಲಿರುವ, ತಯಾರಕರು ಕೈಬಿಟ್ಟ ಹಳೆಯ ರೌಟರುಗಳ ಮೂಲಕ ಹಾದು ಬರುವುದರಿಂದ ಸ್ಥಳೀಯರ ಸಂಚಾರದಂತೆಯೇ ಕಾಣುತ್ತದೆ. ಕೆಲವು ಜಾಲಗಳಲ್ಲಿ ಕನಿಷ್ಠ ಐದು ವರ್ಷಗಳಿಂದ ಇದು ನೆಲೆಸಿತ್ತೆಂದು 2024ರ ಫೆಬ್ರುವರಿಯಲ್ಲಿ ಅಮೆರಿಕದ ಸಂಸ್ಥೆಗಳು ಹೇಳಿದವು. ಬಿಕ್ಕಟ್ಟಿನ ದಿನ ವಿದ್ಯುತ್ತು, ನೀರು, ಸಂಪರ್ಕ ಕೆಡಿಸಿ ಸೇನೆಯ ಚಲನೆಯನ್ನು ತಡೆಯಲು ಮೊದಲೇ ಹೂಡಿದ ಬಿಡಾರ ಇದು ಎಂಬುದು ಅವುಗಳ ನಿರ್ಣಯ. ಮ್ಯಾಸಚೂಸೆಟ್ಸ್ ರಾಜ್ಯದ ಲಿಟಲ್ಟನ್ ಎಂಬ ಸಣ್ಣ ಊರಿನ ವಿದ್ಯುತ್ ಮತ್ತು ನೀರು ಸಂಸ್ಥೆಯೊಳಗೂ ಈ ಗುಂಪು 300ಕ್ಕೂ ಹೆಚ್ಚು ದಿನ ಇತ್ತು.

ಭಾರತದ ಸ್ಥಿತಿ

ನಮ್ಮ ವಿದ್ಯುತ್ ಜಾಲಕ್ಕೆ ದೆಹಲಿಯಲ್ಲಿ ಒಂದು ರಾಷ್ಟ್ರೀಯ ಲೋಡ್ ಡಿಸ್ಪ್ಯಾಚ್ ಸೆಂಟರ್, ಅದರಡಿ ಐದು ಪ್ರಾದೇಶಿಕ ಕೇಂದ್ರಗಳು, ಅವುಗಳಡಿ ರಾಜ್ಯ ಕೇಂದ್ರಗಳಿವೆ. ದಕ್ಷಿಣದ ಪ್ರಾದೇಶಿಕ ಕೇಂದ್ರವಿರುವುದು ಬೆಂಗಳೂರಿನಲ್ಲಿ; ಕರ್ನಾಟಕದ ರಾಜ್ಯ ಕೇಂದ್ರವನ್ನು ಕೆಪಿಟಿಸಿಎಲ್ ಬೆಂಗಳೂರಿನಿಂದಲೇ ನಡೆಸುತ್ತದೆ. ಗಡಿಯಲ್ಲಿ ಗಲ್ವಾನ್ ಘರ್ಷಣೆಯಾದ 2020ರಲ್ಲಿ, ಅಕ್ಟೋಬರ್ 12ರಂದು ಮುಂಬಯಿ ಕತ್ತಲಾಯಿತು. ಮರುವರ್ಷ ರೆಕಾರ್ಡೆಡ್ ಫ್ಯೂಚರ್ ಎಂಬ ಅಮೆರಿಕದ ಸಂಸ್ಥೆ, ಐದು ಪ್ರಾದೇಶಿಕ ಕೇಂದ್ರಗಳಲ್ಲಿ ನಾಲ್ಕನ್ನು ಒಳಗೊಂಡಂತೆ ಭಾರತದ ವಿದ್ಯುತ್ ಸಂಸ್ಥೆಗಳಿಗೆ ಚೀನಾ ಮೂಲದ ಗುಂಪೊಂದು ಗುರಿಯಿಟ್ಟಿತ್ತೆಂದು ವರದಿ ಮಾಡಿತು. ಮುಂಬಯಿ ಕತ್ತಲಿಗೂ ಅದಕ್ಕೂ ಸಂಬಂಧವಿದೆ ಎಂಬುದು ಸಾಬೀತಾಗಿಲ್ಲ. ಸೈಬರ್ ದಾಳಿಯೇ ಕಾರಣವೆನ್ನಲು ಆಧಾರವಿಲ್ಲವೆಂದು ಕೇಂದ್ರದ ಇಂಧನ ಸಚಿವರು ಹೇಳಿದರು. ಈ ಎರಡನ್ನೂ ಬೆಸೆದು ಹಂಚುವ ಸಂದೇಶಗಳು ಇಂದಿಗೂ ಓಡಾಡುತ್ತಿರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

2022ರ ಏಪ್ರಿಲಿನಲ್ಲಿ ಅದೇ ಸಂಸ್ಥೆ ಲಡಾಖ್ ಗಡಿಗೆ ಹತ್ತಿರವಿರುವ ಉತ್ತರ ಭಾರತದ ಕನಿಷ್ಠ ಏಳು ಲೋಡ್ ಡಿಸ್ಪ್ಯಾಚ್ ಕೇಂದ್ರಗಳತ್ತ ಇಂಥ ಯತ್ನ ನಡೆದಿದೆ ಎಂದಿತು. ದಾಳಿಕೋರರು ಮೆಟ್ಟಿಲಾಗಿ ಬಳಸಿದ್ದು ಇಂಟರ್‌ನೆಟ್ಟಿಗೆ ತೆರೆದಿಟ್ಟಿದ್ದ ಸಿಸಿಟಿವಿ ಕ್ಯಾಮೆರಾ ಮತ್ತು ವಿಡಿಯೊ ರೆಕಾರ್ಡರುಗಳನ್ನು. ಲಡಾಖಿನ ಬಳಿ ಎರಡು ಯತ್ನಗಳು ನಡೆದವು, ಎರಡೂ ವಿಫಲವಾದವು ಎಂದು ಸಚಿವರು ತಿಳಿಸಿದರು. ಸೇನೆ ದೊಡ್ಡ ಸಂಖ್ಯೆಯಲ್ಲಿ ಬೀಡುಬಿಟ್ಟಿರುವ ಆ ಪ್ರದೇಶ ಶ್ರೀನಗರ-ಲೇಹ್ ಪ್ರಸರಣ ಮಾರ್ಗದಿಂದ ರಾಷ್ಟ್ರೀಯ ಜಾಲಕ್ಕೆ ಸೇರಿದ್ದು 2019ರಲ್ಲಿ; ಅಲ್ಲಿಯವರೆಗೆ ಸ್ಥಳೀಯ ಜಲವಿದ್ಯುತ್ತು ಮತ್ತು ಡೀಸೆಲ್ಲೇ ಗತಿಯಾಗಿತ್ತು.

ಕಾನೂನಿನ ಕಡೆ, ನಿರ್ಣಾಯಕ ಮಾಹಿತಿ ಮೂಲಸೌಕರ್ಯವನ್ನು ಕಾಯಲು ಎನ್‌ಸಿಐಐಪಿಸಿ ಎಂಬ ಸಂಸ್ಥೆಯನ್ನು 2014ರಲ್ಲಿ ಸ್ಥಾಪಿಸಲಾಗಿದೆ. ಕೇಂದ್ರೀಯ ವಿದ್ಯುತ್ ಪ್ರಾಧಿಕಾರ 2021ರಲ್ಲಿ ವಿದ್ಯುತ್ ಕ್ಷೇತ್ರಕ್ಕೆ ಸೈಬರ್ ಭದ್ರತಾ ಮಾರ್ಗಸೂಚಿ ಹೊರಡಿಸಿತು. ಓಟಿ ಜಾಲವನ್ನು ಇಂಟರ್‌ನೆಟ್ಟಿನಿಂದ ಪ್ರತ್ಯೇಕಿಸುವುದು, ಉಪಕರಣಗಳನ್ನು ವಿಶ್ವಾಸಾರ್ಹ ಮೂಲಗಳಿಂದಲೇ ಕೊಳ್ಳುವುದು, ಪ್ರತಿ ಸಂಸ್ಥೆಯಲ್ಲಿ ಮಾಹಿತಿ ಭದ್ರತೆಗೆ ಹೊಣೆಗಾರ ಅಧಿಕಾರಿಯನ್ನು ನೇಮಿಸುವುದು ಅದರಲ್ಲಿವೆ. ಸೈಬರ್ ಘಟನೆಯನ್ನು ಆರು ಗಂಟೆಯೊಳಗೆ ವರದಿ ಮಾಡಬೇಕೆಂದು, ಇಂಥ ಘಟನೆಗಳಿಗೆ ಸ್ಪಂದಿಸುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಸರ್ಟ್-ಇನ್ 2022ರಲ್ಲಿ ಆದೇಶಿಸಿತು.

ತಡೆಯುವ ಬಗೆ, ತಡೆಯಲಾಗದಾಗ ನಡೆಸುವ ಬಗೆ

ಮೊದಲ ಕೆಲಸ ಎರಡು ಜಾಲಗಳ ನಡುವೆ ಗೋಡೆ ಕಟ್ಟುವುದು. ಕೆಲವೆಡೆ ಮಾಹಿತಿ ಯಂತ್ರದ ಕಡೆಯಿಂದ ಆಫೀಸಿನ ಕಡೆಗೆ ಮಾತ್ರ ಹೋಗಬಲ್ಲ, ಹಿಂದಿರುಗಿ ಬರಲಾಗದ ಏಕಮುಖ ಸಾಧನಗಳನ್ನು ಹಾಕುತ್ತಾರೆ. ದೂರದಿಂದ ಒಳಬರುವವರಿಗೆ ಪಾಸ್‌ವರ್ಡಿನ ಜೊತೆ ಇನ್ನೊಂದು ಗುರುತು ಕಡ್ಡಾಯ ಮಾಡುವುದು, ಬಿಟ್ಟುಹೋದವರ ಖಾತೆ ಮುಚ್ಚುವುದು, ಯಾರು ಯಾವಾಗ ಏನು ಆಜ್ಞೆ ಕೊಟ್ಟರೆಂಬ ದಾಖಲೆಯನ್ನು ದಿನವೂ ನೋಡುವುದು ಇವೆಲ್ಲ ಬೇಸರದ ಕೆಲಸಗಳು. ಆದರೆ ಉಕ್ರೇನ್ ಮತ್ತು ಕಲೋನಿಯಲ್ ಪ್ರಸಂಗಗಳಲ್ಲಿ ಇಲ್ಲದೆ ಹೋದದ್ದು ಇಂಥವೇ.

ಇದರಾಚೆ, ಹೊರಗಿನ ಜಾಲ ನಿಂತರೂ ನೆಲೆ ನಡೆಯಬೇಕೆಂಬುದು ಸೇನೆಗಳ ಈಗಿನ ಧೋರಣೆ. ಅಮೆರಿಕದ ಭೂಸೇನೆ ತನ್ನ ಮುಖ್ಯ ಕಾರ್ಯಗಳಿಗೆ ಕನಿಷ್ಠ 14 ದಿನಗಳ ವಿದ್ಯುತ್ತು ಮತ್ತು ನೀರಿನ ಏರ್ಪಾಡು ಇರಬೇಕೆಂದು 2017ರಲ್ಲಿ ಆದೇಶಿಸಿತು. ಕ್ಯಾಲಿಫೋರ್ನಿಯಾದ ಮಿರಾಮಾರ್ ವಾಯುನೆಲೆ ಕಸದ ಗುಡ್ಡೆಯಿಂದ ಬರುವ ಅನಿಲವನ್ನೂ ಬಳಸಿ, ಬೇಕಾದಾಗ ಜಾಲದಿಂದ ಕಳಚಿಕೊಂಡು ನಡೆಯುವ ಸ್ವಂತ ಕಿರುಜಾಲವನ್ನು ಕಟ್ಟಿಕೊಂಡಿದೆ. 2019ರ ಏಪ್ರಿಲಿನಲ್ಲಿ ಉತ್ತರ ಕ್ಯಾರೊಲೈನಾದ ಫೋರ್ಟ್ ಬ್ರ್ಯಾಗ್ ನೆಲೆಯಲ್ಲಿ ಯಾರಿಗೂ ಮುಂಚಿತವಾಗಿ ಹೇಳದೆ ಕರೆಂಟು ತೆಗೆದು ಪರೀಕ್ಷಿಸಿದರು. ಸುಮಾರು ಹನ್ನೆರಡು ಗಂಟೆ ಕತ್ತಲಲ್ಲಿದ್ದ ಸೈನಿಕ ಕುಟುಂಬಗಳು ಸಿಟ್ಟಾದವು, ಅಧಿಕಾರಿಗಳು ಕ್ಷಮೆ ಕೇಳಬೇಕಾಯಿತು. ಆದರೂ ಯಾವ ಜನರೇಟರ್ ನಿಜವಾಗಿ ಏಳುತ್ತದೆ, ಯಾವುದು ಕಾಗದದ ಮೇಲಷ್ಟೇ ಇದೆ ಎಂಬುದನ್ನು ತಿಳಿಯಲು ಬೇರೆ ಉಪಾಯ ಇರಲಿಲ್ಲ.

ಉಕ್ರೇನಿನ ಸಿಬ್ಬಂದಿ ಕೈಯಿಂದ ಮುಚ್ಚಿದ ಬ್ರೇಕರ್‌ಗಳ ಪಾಠ ಅಮೆರಿಕದ ಸಂಸತ್ತಿನವರೆಗೂ ಹೋಯಿತು. ಅತಿ ಮುಖ್ಯ ಸ್ಥಳಗಳಲ್ಲಿ ಡಿಜಿಟಲ್ ಸಾಧನದ ಬದಲು ಹಳೆಯ ಮಾದರಿಯ, ಮನುಷ್ಯನ ಕೈಯೇ ಬೇಕಾಗುವ ಸಾಧನಗಳನ್ನು ಇಡಬಹುದೇ ಎಂದು ರಾಷ್ಟ್ರೀಯ ಪ್ರಯೋಗಾಲಯಗಳಲ್ಲಿ ಪರಿಶೀಲಿಸಲು 2019ರ ಡಿಸೆಂಬರಿನಲ್ಲಿ ಕಾನೂನು ಮಾಡಲಾಯಿತು. ಸಬ್‌ಸ್ಟೇಷನ್ನುಗಳು ಸಾಗುತ್ತಿರುವ ದಿಕ್ಕು ಇದಕ್ಕೆ ವಿರುದ್ಧವಾದದ್ದು. ಭಾರತದಲ್ಲಿ ಪವರ್‌ಗ್ರಿಡ್ ಸಂಸ್ಥೆ ದೇಶದಾದ್ಯಂತದ ತನ್ನ ಸಬ್‌ಸ್ಟೇಷನ್ನುಗಳನ್ನು ಹರಿಯಾಣದ ಮಾನೇಸರದಲ್ಲಿರುವ ಕೇಂದ್ರದಿಂದ ದೂರನಿಯಂತ್ರಿಸುತ್ತದೆ. ಇದರಿಂದ ಖರ್ಚು ಕಡಿಮೆಯಾಗುತ್ತದೆ, ದೋಷ ಬೇಗ ಗೊತ್ತಾಗುತ್ತದೆ. ದೂರದ ಆಜ್ಞೆಯನ್ನು ನಂಬಲಾಗದ ದಿನ ಬಂದರೆ, ಸ್ಥಳಕ್ಕೆ ಹೋಗಿ ಬ್ರೇಕರ್ ಮುಚ್ಚಲು ಬಲ್ಲ ಎಷ್ಟು ಮಂದಿ ಎಷ್ಟು ಹೊತ್ತಿನಲ್ಲಿ ತಲುಪುತ್ತಾರೆ ಎಂಬುದನ್ನು ಪ್ರತಿ ಸಬ್‌ಸ್ಟೇಷನ್ನಿಗೂ ಬೇರೆಬೇರೆಯಾಗಿ ಲೆಕ್ಕ ಹಾಕಿಟ್ಟುಕೊಳ್ಳಬೇಕಾಗುತ್ತದೆ.